ಹಿತಕಿದ ಬೇಳೆಗೆ ಎಷ್ಟು ಹೆಸರು?

ಬೆಂಗಳೂರಿನ ಹನುಮಂತನಗರದ ನಮ್ಮ ದೊಡ್ಡಮ್ಮ ಹಿತಕಿದ ಬೇಳೆ, ಅಂದರೆ ನೆನೆಸಿ ಸಿಪ್ಪೆ ಬಿಡಿಸಿದ ಅವರೆಬೇಳೆಯ ಸಾರು ಮಾಡುವುದನ್ನು ಯೂಟ್ಯೂಬಿಗೆ ಹಾಕಿ ಐದು ದಿನವಾಗಿತ್ತು. ನೋಡಿದವರ ಲೆಕ್ಕ 63. ಅದರಲ್ಲಿ ಇಪ್ಪತ್ತು ಸಲವಾದರೂ ನಾನೇ ನೋಡಿದ್ದೆ. ಎಂಟು ಹತ್ತು ಸಲ ದೊಡ್ಡಮ್ಮ, ಕನ್ನಡಕ ಒರೆಸಿಕೊಂಡು. "ಬೀದಿ ಬಾಗಿಲಲ್ಲಿ ನಿಂತು ಕೂಗಿದ್ದರೆ ಇದಕ್ಕಿಂತ ಹೆಚ್ಚು ಜನ ಬರುತ್ತಿದ್ದರಲ್ಲಪ್ಪ" ಎಂದರು. ಮೂರು ವಾರ ಭಾನುವಾರಗಳನ್ನು ಸುಟ್ಟು, ಹನ್ನೊಂದು ನಿಮಿಷದ ವಿಡಿಯೊ ಮಾಡಿದವನಿಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲಿಗೇ ನಾಟಿತು. ಜನವರಿಯ ಆ ಭಾನುವಾರ ಬೆಳಿಗ್ಗೆ, ಇವತ್ತು ಇದನ್ನು ಹತ್ತು ಜನರಿಗೆ ಮುಟ್ಟಿಸದೆ ಏಳುವುದಿಲ್ಲ ಎಂದು ಅವರ ಮನೆಯ ಜಗಲಿಯ ಮೇಲೆ ಕುಳಿತೆ.

ಮೊದಲು ಗೊತ್ತಾದದ್ದು ಭಾವನ ಉಪಕಾರ. "ನಾನು ಆಗಲೇ ನಾಲ್ಕು ಗುಂಪಿಗೆ ಹಾಕಿದ್ದೇನೆ, ಎಲ್ಲರೂ ಹೊಗಳುತ್ತಿದ್ದಾರೆ" ಎಂದು ಫೋನಿನಲ್ಲಿ ಹೇಳಿದರು. ಹಾಗಿದ್ದರೆ ಲೆಕ್ಕ ಏಕೆ ಅಲುಗಿಲ್ಲ? ವಿಚಾರಿಸಿದರೆ, ನೋಡಿ ಹೇಳಿ ಎಂದು ನಾನು ಮೊದಲೇ ಕಳಿಸಿದ್ದ ವಿಡಿಯೊ ಕಡತವನ್ನೇ ಅವರು ವಾಟ್ಸಾಪಿನಲ್ಲಿ ಹಂಚಿಬಿಟ್ಟಿದ್ದರು. ಬಡಾವಣೆಯ ಸಂಘದವರು, ಹಳೆಯ ಸಹಪಾಠಿಗಳು, ಬೀಗರ ಕಡೆಯವರು ಎಲ್ಲರೂ ಅಲ್ಲೇ ತೆರೆದು, ಅಲ್ಲೇ ನೋಡಿ, ಹೆಬ್ಬೆರಳು ತೋರಿಸಿ ಹೋಗಿದ್ದರು. ವಾಟ್ಸಾಪಿನಲ್ಲಿ ಕಡತವಾಗಿ ಓಡಾಡುವುದನ್ನು ಎಷ್ಟು ಸಾವಿರ ಜನ ನೋಡಿದರೂ ಯೂಟ್ಯೂಬಿನ ಲೆಕ್ಕಕ್ಕೆ ಒಂದೂ ಸೇರುವುದಿಲ್ಲ. ಮದುವೆ ಊಟ ಮಾಡಿ ಮುಯ್ಯಿ ಬರೆಸದೆ ಹೋದ ಹಾಗೆ.

ಸರಿ, ಯೂಟ್ಯೂಬಿನ ಕೊಂಡಿಯನ್ನೇ (ಲಿಂಕ್) ಕಳಿಸೋಣ ಎಂದು ಹೊರಟೆ. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು. 2018ರಲ್ಲಿ ವದಂತಿಗಳ ಹಾವಳಿ ಹೆಚ್ಚಾದಾಗ ನಮ್ಮ ದೇಶದಲ್ಲಿ ತಂದ ಮಿತಿ ಅದು. ಐದೈದಾಗಿ ದಾಟಿಸುತ್ತ ಹೋದೆ. ಕಚೇರಿಯ ಗುಂಪು, ವಾಕಿಂಗ್ ಗುಂಪು, ಯಾರದೋ ಗೃಹಪ್ರವೇಶಕ್ಕೆಂದು ಹುಟ್ಟಿ ಸಾಯಲು ಮರೆತ ಗುಂಪು. ಹನ್ನೊಂದು ಗಂಟೆಯ ಹೊತ್ತಿಗೆ 63 ಇದ್ದದ್ದು 212 ಆಯಿತು. ಒಳಗೆ ಹೋಗಿ ದೊಡ್ಡಮ್ಮನಿಗೆ ಹೇಳಿ, ಬಹುಮಾನವಾಗಿ ಒಂದು ಲೋಟ ಕಾಫಿ ಪಡೆದು ಬಂದೆ.

ಆ ಕಾಫಿಯ ಖುಷಿ ತಣ್ಣಗಾದದ್ದು ಅಕ್ಕನ ಮಗಳು ಬಂದ ಮೇಲೆ. ಡಿಗ್ರಿ ಎರಡನೆಯ ವರ್ಷದ ಹುಡುಗಿ, ಇಂಥ ವಿಷಯದಲ್ಲಿ ನನಗೆ ಗುರು. "ಎಷ್ಟು ಜನ ಬಂದರು ಎನ್ನುವುದನ್ನು ಬಿಡಿ ಮಾಮ, ಎಷ್ಟು ಹೊತ್ತು ಕುಳಿತರು ನೋಡಿ" ಎಂದು ವಿಡಿಯೊದ ಲೆಕ್ಕಾಚಾರ ತೋರಿಸುವ ಯೂಟ್ಯೂಬಿನ ಸ್ಟುಡಿಯೊ ಆ್ಯಪ್ ತೆರೆದಳು. ವಾಟ್ಸಾಪಿನಿಂದ ಬಂದವರು ಸರಾಸರಿ 41 ಸೆಕೆಂಡು ನೋಡಿ ಎದ್ದಿದ್ದರು. ದಾಕ್ಷಿಣ್ಯದ ಆಯಸ್ಸು ಅಷ್ಟೇ. ಅವರದೂ ತಪ್ಪಿಲ್ಲ, ನನ್ನ ವಿಡಿಯೊದಲ್ಲಿ 41ನೆಯ ಸೆಕೆಂಡಿಗೆ ಇನ್ನೂ ವೀಣೆ ನುಡಿಯುತ್ತಿತ್ತು. ದೊಡ್ಡ ಬಸವಣ್ಣನ ಗುಡಿಯ ಗೋಪುರ, ಮನೆಯ ಮುಂದಿನ ರಂಗೋಲಿ, ದೊಡ್ಡಮ್ಮನ ಪರಿಚಯ, ಇಷ್ಟೆಲ್ಲ ಮುಗಿದ ಮೇಲೆ ಅವರೆಕಾಯಿ. ನೋಡುವವರ ಸಂಖ್ಯೆಯ ಗೆರೆ ಆ ಗೋಪುರದ ಬಳಿ ಜಾರುಬಂಡೆಯಂತೆ ಕೆಳಗಿಳಿದಿತ್ತು. ಮೊದಲ ಒಂದು ನಿಮಿಷ ಹತ್ತು ಸೆಕೆಂಡನ್ನು ಕತ್ತರಿಸಿದೆವು. ಯೂಟ್ಯೂಬಿನ ಸಂಪಾದಕದಲ್ಲೇ ಕತ್ತರಿಸಿದರೆ ಕೊಂಡಿಯೂ ಬದಲಾಗುವುದಿಲ್ಲ, ಬಂದ ಲೆಕ್ಕವೂ ಹೋಗುವುದಿಲ್ಲ ಎನ್ನುವುದು ಆ ದಿನ ನಾನು ಕಲಿತ ವಿದ್ಯೆ. ವೀಣೆ ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಆದರೆ ಯಾರು ಎಲ್ಲಿಂದ ಬಂದರು ಎನ್ನುವ ಆ ಆ್ಯಪಿನ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಒಂಬತ್ತು ಜನ ಯಾರೂ ಕರೆಯದೆ, ತಾವಾಗಿ ಹುಡುಕಿಕೊಂಡು ಬಂದಿದ್ದರು. ಅವರು ಸರಾಸರಿ ಆರೂವರೆ ನಿಮಿಷ ಕುಳಿತಿದ್ದರು. ಏನೆಂದು ಹುಡುಕಿದ್ದರು? ಒಬ್ಬರು "ಹಿದುಕಿದ ಬೇಳೆ", ಇನ್ನೊಬ್ಬರು "ಇದುಕಿದ ಬೇಳೆ ಸಾರು". ಮೂರನೆಯವರು ಇಂಗ್ಲಿಷ್ ಅಕ್ಷರಗಳಲ್ಲಿ ಏನನ್ನೋ ಬೆರಳಚ್ಚಿಸಿದ್ದರು. ಬಾಯಿಬಿಟ್ಟು ಓದಿದಾಗಲೇ ಅದು ಹಿತಕವರೆ ಎಂದು ತಿಳಿದದ್ದು. ನಾನು ಇಟ್ಟಿದ್ದ ಶೀರ್ಷಿಕೆ "ದೊಡ್ಡಮ್ಮನ ಕೈರುಚಿ: ಭಾಗ 1". ಈ ಭೂಮಿಯ ಮೇಲೆ ಯಾರೂ ಅದನ್ನು ಹುಡುಕುವುದಿಲ್ಲ, ದೊಡ್ಡಮ್ಮನನ್ನೂ ಸೇರಿಸಿ. ವಿವರಣೆಯ ಮೂಲೆಯಲ್ಲಿ ಒಂದೇ ಒಂದು ಸಲ "ಹಿದುಕಿದ" ಎಂದು ಬರೆದಿದ್ದೆ. ಆ ಸಣ್ಣ ಕಿಂಡಿಯಿಂದ ಒಂಬತ್ತು ಜನ ತೂರಿ ಬಂದಿದ್ದರು.

ಅಲ್ಲಿಂದ ಮನೆಯಲ್ಲಿ ಗಲಾಟೆ ಶುರುವಾಯಿತು. "ಹಿದುಕಿದ ಏನು, ಹಿತಕಿದ ಅನ್ನಬೇಕು" ಎಂದರು ದೊಡ್ಡಮ್ಮ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ "ನಮ್ಮ ಅಮ್ಮ ಹಿಸುಕಿದ ಬೇಳೆ ಎನ್ನುತ್ತಿದ್ದರು" ಎಂದರು. ದೊಡ್ಡಮ್ಮ ಬಿಡುವವರೇ? ತುಮಕೂರಿನ ನಾದಿನಿಗೆ, ಮಾಗಡಿಯ ತಂಗಿಗೆ, ಕೋಲಾರದ ಬೀಗಿತ್ತಿಗೆ ಸಾಲಾಗಿ ಫೋನು ಹಚ್ಚಿ "ನಿಮ್ಮಲ್ಲಿ ಇದನ್ನು ಏನನ್ನುತ್ತೀರಿ?" ಎಂದು ಕೇಳಿದರು. ಒಬ್ಬೊಬ್ಬರದು ಒಂದೊಂದು. ಎಲ್ಲರಿಗೂ ತಮ್ಮದೇ ಸರಿ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ: ಹಿತಕಿದ, ಹಿದುಕಿದ, ಹಿಸುಕಿದ, ಇದುಕಿದ, ಹಿತಕವರೆ. ಇಂಗ್ಲಿಷ್ ಅಕ್ಷರಕ್ಕೆ ಬಂದರೆ ಟಿ ಮುಂದೆ ಎಚ್ ಬೇಕೋ ಬೇಡವೋ, ಬೇಳೆಗೆ ಒಂದು ಇ ಸಾಕೋ ಎರಡು ಬೇಕೋ ಎಂದು ಇನ್ನೊಂದು ಹತ್ತು ಬಗೆ. ಶೀರ್ಷಿಕೆಗೆ ಇರುವ ಜಾಗ ನೂರು ಅಕ್ಷರ. ಎರಡು ಹೆಸರು ಅಲ್ಲಿಗೆ, ಎರಡು ವಿವರಣೆಯ ಮೊದಲ ಸಾಲಿಗೆ, ಉಳಿದದ್ದು ವಿಡಿಯೊಗೆ ಬೇರೆಯಾಗಿ ಅಂಟಿಸುವ ಹುಡುಕುಪದಗಳಿಗೆ, ಅಂದರೆ ಟ್ಯಾಗಿಗೆ. ಟ್ಯಾಗುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ, ಜನ ಕಾಗುಣಿತ ತಪ್ಪಿ ಹುಡುಕುವ ಪದಗಳಿದ್ದರೆ ಮಾತ್ರ ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ನಮ್ಮ ಬೇಳೆಯನ್ನು ನೋಡಿಯೇ ಬರೆದಂತಿದೆ ಎನ್ನಿಸಿತು. "ತಪ್ಪು" ಎಂದು ಅದನ್ನು ಕರೆದರೆ ಕೋಲಾರದ ಬೀಗಿತ್ತಿ ಒಪ್ಪುವುದಿಲ್ಲ, ಅಷ್ಟೇ.

ಮುಖಚಿತ್ರಕ್ಕೆ ಬಂದಾಗ ಮತ್ತೊಂದು ಜಗ್ಗಾಟ. "ಅಜ್ಜಿ, ಆಶ್ಚರ್ಯವಾದ ಹಾಗೆ ಬಾಯಿ ತೆರೆಯಿರಿ, ಆಗ ಜನ ಒತ್ತುತ್ತಾರೆ" ಎಂದಳು ಹುಡುಗಿ.

"ಯಾತಕ್ಕೆ ಆಶ್ಚರ್ಯ? ಐವತ್ತು ವರ್ಷದಿಂದ ಮಾಡುತ್ತಿರುವ ಸಾರು."

ಕೊನೆಗೆ ದೊಡ್ಡಮ್ಮನ ಮುಖ ಬಿಟ್ಟು ಕೈಯ ಚಿತ್ರ ತೆಗೆದೆವು. ರಾತ್ರಿ ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ, ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪುಳಕ್ಕನೆ ಹಾರಿ ಸ್ಟೀಲ್ ತಟ್ಟೆಗೆ ಟಣ್ ಎಂದು ಬೀಳುತ್ತದೆ. ಒಂದು ಹಾರಿ ಮೊಬೈಲಿನ ಕಣ್ಣಿಗೇ ಬಡಿಯಿತು. ಆ ಬಡಿದ ತುಣುಕನ್ನೇ ಇಟ್ಟುಕೊಂಡು, ಸಂಗೀತವಿಲ್ಲದೆ, ಬರೀ ಪುಳಕ್ ಟಣ್ ಸದ್ದಿನ ಮೂವತ್ತೆಂಟು ಸೆಕೆಂಡಿನ, ಫೋನನ್ನು ನೆಟ್ಟಗೆ ಹಿಡಿದು ನೋಡುವ ಕಿರು ವಿಡಿಯೊ, ಅಂದರೆ ಯೂಟ್ಯೂಬಿನ ಶಾರ್ಟ್ಸ್ ಮಾಡಿದಳು. ಶಾರ್ಟ್ಸಿನ ವಿವರಣೆಯಲ್ಲಿ ಕೊಂಡಿ ಹಾಕಿದರೆ ಅದು ತೆರೆಯುವುದಿಲ್ಲ, 2023ರಿಂದ ಹಾಗೆ ಮಾಡಿದ್ದಾರೆ. "ಸಂಬಂಧಿತ ವಿಡಿಯೊ" ಎಂಬಲ್ಲಿ ದೊಡ್ಡ ವಿಡಿಯೊವನ್ನು ಜೋಡಿಸಬೇಕು. ಇನ್‌ಸ್ಟಾಗ್ರಾಮಿಗೂ ಅದನ್ನೇ ಹಾಕಿದೆವು.

ಇದರ ನಡುವೆ ಒಂದು ಕರೆ. ಮೂರು ಸಾವಿರ ರೂಪಾಯಿಗೆ ಹತ್ತು ಸಾವಿರ ವೀಕ್ಷಣೆ ತಂದುಕೊಡುವುದಾಗಿ ಯಾರೋ ಒಬ್ಬ. ಅಂಥ ಹುಸಿ ವೀಕ್ಷಣೆಗಳು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಲೆಕ್ಕದಿಂದ ಕಿತ್ತುಹಾಕುತ್ತಾರೆ. ಅದನ್ನು ನಾನು ಹೇಳುವ ಮೊದಲೇ ದೊಡ್ಡಮ್ಮ ಫೋನು ಕಸಿದುಕೊಂಡು, "ಹತ್ತು ಸಾವಿರ ಜನ ಎಂದರೆ ಯಾರಪ್ಪ? ಯಾವ ಕಡೆಯವರು? ಅವರಲ್ಲಿ ಇದನ್ನು ಏನನ್ನುತ್ತಾರೆ?" ಎಂದು ಕೇಳಿದರು. ಆತ ಕರೆ ಕತ್ತರಿಸಿದ.

ಸಂಜೆಯವರೆಗೆ ಏನೂ ಆಗಲಿಲ್ಲ. ರಾತ್ರಿ ಪ್ರತಿಕ್ರಿಯೆಯ ಜಾಗದಲ್ಲಿ ಯಾರೋ "ಅದು ಹಿತಕಿದ ಅಲ್ಲ, ಹಿದುಕಿದ" ಎಂದು ಬರೆದರು. ಇನ್ನೊಬ್ಬರು ಅವರನ್ನು ತಿದ್ದಿದರು. ಬೆಳಗಾಗುವುದರೊಳಗೆ ಅಲ್ಲೊಂದು ಸಣ್ಣ ಜಗಳ ಕುದಿಯುತ್ತಿತ್ತು, ಗಸಗಸೆ ಹಾಕಬೇಕೇ ಬೇಡವೇ ಎನ್ನುವುದೂ ಅದಕ್ಕೆ ಬಿದ್ದಿತ್ತು. ವಾರದೊಳಗೆ ಲೆಕ್ಕ ನಾಲ್ಕು ಸಾವಿರ ದಾಟಿತು. ನನ್ನ ಗುಂಪುಗಳಿಂದ ಬಂದವರು ಇನ್ನೂರು ಚಿಲ್ಲರೆ. ಉಳಿದವರೆಲ್ಲ ತಮ್ಮ ಮನೆಯ ಹೆಸರು ಹಿಡಿದು ಬಂದವರು, ಇಲ್ಲವೇ ಪುಳಕ್ ಸದ್ದಿಗೆ ನಿಂತವರು.

ಫೆಬ್ರವರಿ ಕಳೆಯುತ್ತಲೇ ಅವರೆಯ ಕಾಲವೂ ಅದರ ಸೊಗಡೂ (ಘಮ) ಮುಗಿಯಿತು, ವಿಡಿಯೊವೂ ಮಲಗಿತು. ದಿನಕ್ಕೆ ಒಬ್ಬರೋ ಇಬ್ಬರೋ. ನಾನು ಮರೆತೂಬಿಟ್ಟಿದ್ದೆ. ಆದರೆ ಡಿಸೆಂಬರಿನ ಮೊದಲ ವಾರ, ಗಾಂಧಿ ಬಜಾರಿನಲ್ಲಿ ಅವರೆಕಾಯಿಯ ರಾಶಿ ಕಾಣಿಸಿಕೊಂಡ ದಿನಗಳಲ್ಲೇ, ನಾವು ಏನೂ ಮಾಡದೆ ಗೆರೆ ತಾನಾಗಿ ಮೇಲೇರತೊಡಗಿತು. ಓಡಿಹೋಗಿ ದೊಡ್ಡಮ್ಮನಿಗೆ ತೋರಿಸಿದೆ. ಅವರು ಆಗಷ್ಟೇ ತಂದಿದ್ದ ಕಾಯಿಯೊಂದನ್ನು ಮುರಿದು, ಮೂಸಿ, ಮುಖ ಸಿಂಡರಿಸಿದರು.

"ಮೇಲುಗಡೆ ಅಂಟಿಸಿ ಇಡುತ್ತೀಯಲ್ಲ, ಅಲ್ಲಿ ಬರೆ" ಎಂದರು. "ಈ ವಾರದ ಕಾಯಿಗೆ ಸೊಗಡಿಲ್ಲ. ಇನ್ನೊಂದು ಹದಿನೈದು ದಿನ ಮಂಜು ಬೀಳಲಿ, ಆಮೇಲೆ ಮಾಡಿಕೊಳ್ಳಿ."

ಹಾಗೆಯೇ ಬರೆದು ಪ್ರತಿಕ್ರಿಯೆಗಳ ಮೇಲುಗಡೆ ಪಿನ್ ಮಾಡಿದೆ.