ದೆವ್ವ ಆಗೋದು ಯಾವಾಗ್ಲೂ ಪೇಷೆಂಟೇ ಯಾಕೆ?

ಶನಿವಾರ ರಾತ್ರಿ ಮಳೆ ಬಂತು, ಕರೆಂಟ್ ಹೋಯ್ತು. ವಿಲ್ಸನ್ ಗಾರ್ಡನ್ನಲ್ಲಿ ಇದೇನ್ ಹೊಸದಲ್ಲ ಬಿಡಿ. ನಾನೂ ನನ್ ತಮ್ಮನೂ ಮೊಬೈಲ್‌ನ ಚೊಂಬಿಗೆ ಒರಗಿಸಿ ಇಟ್ಕೊಂಡು ದೆವ್ವದ ವಿಡಿಯೋ ನೋಡ್ತಾ ಕೂತಿದ್ವಿ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ವೆಸ್ಟನ್ ಅಂತ ಊರು, ಅಲ್ಲೊಂದು ಪಾಳು ಹುಚ್ಚಾಸ್ಪತ್ರೆ, ಹೆಸರು ಟ್ರಾನ್ಸ್ ಅಲೆಘೆನಿ ಲೂನಾಟಿಕ್ ಅಸೈಲಮ್. ಕೈಯಲ್ಲೇ ಕಡೆದ ಕಲ್ಲಿನ ಭಾರೀ ಕಟ್ಟಡ, ಮಧ್ಯದಲ್ಲಿ ಗಡಿಯಾರದ ಗೋಪುರ. ಒಳಗೆ ಲಿಲಿ ಅನ್ನೋ ಪುಟ್ಟ ಹುಡುಗಿ ದೆವ್ವ ಇದೆಯಂತೆ, ಅವಳ ರೂಮಲ್ಲಿ ಬರೋರೆಲ್ಲ ಗೊಂಬೆ, ಚಾಕ್ಲೇಟ್ ಇಟ್ಟು ಹೋಗ್ತಾರೆ. ಚೆಂಡು ತಾನಾಗೇ ಉರುಳಿದ್ರೆ ಲಿಲಿ ಆಟಕ್ಕೆ ಬಂದ್ಲು ಅಂತ ಅರ್ಥ. ಚೆಂಡು ಉರುಳ್ತು. ತಮ್ಮ "ಅಕ್ಕಾ ನೆಲ ವಾಟ ಇರ್ಬೇಕು ಕಣೆ" ಅಂದ, ಹಂಗಂದವನು ಕಾಲು ಮಾತ್ರ ಮಂಚದ ಮೇಲಕ್ಕೆ ಎತ್ಕೊಂಡ.

ಕರೆಂಟ್ ಬಂದ್ಮೇಲೆ ನಿದ್ದೆ ಬರ್ಲಿಲ್ಲ, ಅದರ ಕಥೆ ಹುಡುಕ್ಕೊಂಡು ಓದ್ತಾ ಕೂತೆ, ಓದಿದ್ಮೇಲೆ ದೆವ್ವದ ಭಯ ಹೋಗಿ ಬೇರೆ ಥರ ಹೊಟ್ಟೆ ತೊಳೆಸಿದ ಹಂಗಾಯ್ತು.

ಕಟ್ಟೋಕೆ ಶುರು ಮಾಡಿದ್ದು 1858ರಲ್ಲಿ. ಉದ್ದೇಶ ಒಳ್ಳೇದೇ ಇತ್ತು. ಕರ್ಕ್‌ಬ್ರೈಡ್ ಅನ್ನೋ ಡಾಕ್ಟರ್ ಗಾಳಿ ಬೆಳಕು ಚೆನ್ನಾಗಿದ್ರೆ ಮನಸ್ಸು ವಾಸಿ ಆಗುತ್ತೆ ಅಂತ ನಂಬಿದ್ರು, ಅವರ ಪ್ಲಾನ್ ಪ್ರಕಾರ ಪ್ರತಿ ವಾರ್ಡ್‌ಗೂ ಬಿಸಿಲು ಬೀಳೋ ಹಂಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಸಿ ಕಟ್ಟಿದ್ರು. ನಡುವೆ ಸಿವಿಲ್ ವಾರ್ ಬಂತು, ಕಟ್ಟಡಕ್ಕೆ ಅಂತ ಬ್ಯಾಂಕಲ್ಲಿಟ್ಟಿದ್ದ ಚಿನ್ನಾನೇ ಸೈನಿಕರು ಎತ್ಕೊಂಡು ಹೋದ್ರು (ಇದೇ ಒಂದು ಸಿನಿಮಾ ಆಗ್ಬೋದು). 1864ರಲ್ಲಿ ಪೇಷೆಂಟ್ಸ್ ಬರೋಕೆ ಶುರು. ಕಟ್ಟಿದ್ದು 250 ಜನಕ್ಕೆ, 1950ರ ದಶಕದ ಹೊತ್ತಿಗೆ ಒಳಗಿದ್ದೋರು 2400ಕ್ಕೂ ಜಾಸ್ತಿ. ಒಬ್ಬರಿಗೆ ಅಂತ ಮಾಡಿದ ಬಿಸಿಲು ಒಂಬತ್ತು ಹತ್ತು ಜನ ಹಂಚ್ಕೊಂಡ್ರೆ ಏನಾಗುತ್ತೆ ನೀವೇ ಹೇಳಿ.

ಮೊದಮೊದಲು ಯಾಕೆ ಸೇರಿಸ್ಕೊಂಡ್ರು ಅಂತ ಕಾರಣಗಳ ಪಟ್ಟಿ ಇದೆ. ದುಃಖ, ಸೋಮಾರಿತನ, ಅಸ್ತಮಾ, ಮನೆ ಜಗಳ, ಕುದುರೆ ತಲೆಗೆ ಒದ್ದಿದ್ದು. ಕಾದಂಬರಿ ಓದೋದು ಕೂಡ ಒಂದು ಕಾರಣ! ಆ ಲೆಕ್ಕದಲ್ಲಿ ಗಾಂಧಿ ಬಜಾರಿನ ಅರ್ಧ ಜನ ಒಳಗಿರ್ಬೇಕಿತ್ತು, ನಾನಂತೂ ಹೈಸ್ಕೂಲಲ್ಲೇ.

ಆಮೇಲೆ ಬಂದಿದ್ದು ಲೋಬಾಟಮಿ. ವಾಲ್ಟರ್ ಫ್ರೀಮನ್ ಅಂತ ಒಬ್ಬ ಡಾಕ್ಟರ್, ಸರ್ಜನ್ ಅಲ್ಲವೇ ಅಲ್ಲ, ಐಸ್ ಒಡೆಯೋ ಚೂಪು ಸಲಾಕೆ ಥರದ್ದನ್ನ ಕಣ್ಣಿನ ಮೇಲ್ಗಡೆಯಿಂದ ತಲೆ ಒಳಕ್ಕೆ ಹೊಡೆದು ಮಿದುಳಿನ ಮುಂಭಾಗದ ನರಗಳನ್ನ ಕತ್ತರಿಸ್ತಿದ್ದ. 1952ರಲ್ಲಿ ಆ ರಾಜ್ಯದ ಹುಚ್ಚಾಸ್ಪತ್ರೆಗಳನ್ನ ಸುತ್ತಿ ಎರಡೇ ವಾರದಲ್ಲಿ 228 ಜನಕ್ಕೆ ಇದನ್ನ ಮಾಡಿದ. ಗಲಾಟೆ ಮಾಡ್ತಿದ್ದೋರು ಸುಮ್ನಾದ್ರು, ಅದನ್ನೇ ವಾಸಿಯಾಯ್ತು ಅಂದ್ರು. 1994ರಲ್ಲಿ ಆಸ್ಪತ್ರೆ ಮುಚ್ತು, 2007ರಲ್ಲಿ 15 ಲಕ್ಷ ಡಾಲರ್‌ಗೆ ಹರಾಜಾಯ್ತು, ಈಗ ರಾತ್ರಿ ಟಿಕೆಟ್ ತಗೊಂಡು ದೆವ್ವ ಹುಡುಕ್ಬೋದು.

ಅಷ್ಟೊಂದು ದೆವ್ವದ ವಿಡಿಯೋ ನೋಡಿದ್ನಲ್ಲ, ಎಲ್ಲಾದ್ರಲ್ಲೂ ದೆವ್ವ ಆಗೋದು ಪೇಷೆಂಟೇ. ಸಲಾಕೆ ಹಿಡ್ಕೊಂಡು ಓಡಾಡೋ ಡಾಕ್ಟರ್ ದೆವ್ವ ನನಗಂತೂ ಒಂದೂ ಸಿಗ್ಲಿಲ್ಲ. ಬದುಕಿದ್ದಾಗ ಹೆದರಿ ಕೂಡಿ ಹಾಕಿದ್ರು, ಸತ್ತ ಮೇಲೂ ಅವರಿಗೇ ಹೆದರೋದು.

ನಮ್ಮದೇನ್ ಕಮ್ಮಿ ಇಲ್ಲ. ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲಿ ನಿಮ್ಹಾನ್ಸ್ ಇದೆ. ಅದರ ಬೇರು 1847ರ ಬೆಂಗಳೂರು ಲೂನಾಟಿಕ್ ಅಸೈಲಮ್‌ನಲ್ಲಿದೆ, 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಾಯ್ತು, 1974ರಲ್ಲಿ ನಿಮ್ಹಾನ್ಸ್. ಅದು ಪಾಳು ಬೀಳ್ಲಿಲ್ಲ, ಇವತ್ತೂ ಬೆಳಗ್ಗೆ ಓಪಿಡಿಲಿ ಎಲ್ಲೆಲ್ಲಿಂದಲೋ ಬಂದ ಜನ ಫೈಲ್ ಹಿಡ್ಕೊಂಡು ಕೂತಿರ್ತಾರೆ. ಆದ್ರೂ ಸ್ಕೂಲಲ್ಲಿ "ನಿಮ್ಹಾನ್ಸ್‌ಗೆ ಸೇರಿಸ್ಲಾ" ಅನ್ನೋದು ನಮಗೆಲ್ಲ ದೊಡ್ಡ ಜೋಕ್, ನಾನೂ ಅಂದಿದ್ದೀನಿ.

ಮಾಗಡಿ ಕಡೆ ನಮ್ಮಜ್ಜಿ ಮನೆ. ಹಿತ್ತಲ ಕಡೆಗೆ ಒಂದು ಕತ್ತಲೆ ಕೋಣೆ, ರಜಕ್ಕೆ ಹೋದಾಗ "ಅಲ್ಲಿಗ್ ಹೋಗ್ಬೇಡಿ, ದೆವ್ವ ಇದೆ" ಅಂತಿದ್ರು. ನಾವು ಮಕ್ಕಳೆಲ್ಲ ಸೇರಿ ಅದರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿದ್ವಿ. ಅಜ್ಜಿಯ ನಾದಿನಿ ಒಬ್ರು ಇದ್ರು, ಅವರಿಗೆ ಏನೋ ಮೆಟ್ಕೊಂಡಿತ್ತು, ಪೂಜೆ ಯಂತ್ರ ಎಲ್ಲ ಮಾಡ್ಸಿದ್ರು, ಅವರು ಆ ಕೋಣೇಲೇ ಇದ್ದು ಅಲ್ಲೇ ಹೋದ್ರು ಅಂತ ಅಮ್ಮ ನನ್ನ ಹತ್ರ ಬಾಯಿ ಬಿಟ್ಟಿದ್ದು ನನಗೆ ಮೂವತ್ತಾದ್ಮೇಲೆ. ಅವರ ಒಂದು ಫೋಟೋನೂ ಇಲ್ಲ.

ಹೋದ ಯುಗಾದಿಗೆ ಹೋದಾಗ ನೋಡ್ದೆ, ಈಗ ಮಾವ ಅಲ್ಲಿ ಡ್ರಿಪ್ ಪೈಪು, ರಾಗಿ ಮೂಟೆ ತುಂಬಿದ್ದಾರೆ. ಬಾಗಿಲು ಹಳೇದೇ. ಒಳಗಡೆ ಚಿಲಕವೇ ಇಲ್ಲ, ಇರೋ ಒಂದೇ ಚಿಲಕ ಹೊರಗಡೆಗಿದೆ.