ಹಿಂದಿನ ಚಕ್ರಗಳ ಹಿಡಿತದ ವಿಚಾರ

ನನ್ನ 2011ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರನ್ನು ನಿನ್ನೆ ಸಂಜೆ ನಾಲ್ಕು ಕಂಬದ ಲಿಫ್ಟ್ ಮೇಲೇರಿಸಿ, ಭಾರವೆಲ್ಲ ಚಕ್ರಗಳ ಮೇಲಿರುವಾಗಲೇ ಹಿಂದಿನ ಸಸ್ಪೆನ್ಷನ್ ಅನ್ನು ಬಹಳ ಹೊತ್ತು ನೋಡಿದೆ. 2005ರಿಂದ 2014ರವರೆಗಿನ ಈ ಪೀಳಿಗೆಯ ಕಾರುಗಳಲ್ಲಿ ಹಿಂದೆ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್. ಮೇಲೊಂದು, ಕೆಳಗೆರಡು ಕಂಟ್ರೋಲ್ ಆರ್ಮ್‌ಗಳು (ಆಕ್ಸಲನ್ನು ಕಾರಿನ ದೇಹಕ್ಕೆ ಜೋಡಿಸುವ ತೋಳುಗಳು) ಮತ್ತು ಪಕ್ಕಕ್ಕೆ ಸರಿಯದಂತೆ ಅಡ್ಡಲಾಗಿ ಒಂದು ಪ್ಯಾನ್‌ಹಾರ್ಡ್ ರಾಡ್ ಅದನ್ನು ಹಿಡಿದಿರುತ್ತವೆ.

ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸಿದ್ದರಿಂದ, ಕೆಳಗಿನ ಆರ್ಮ್‌ಗಳ ದೇಹದ ಬದಿಯ ಮುಂದಿನ ತುದಿ, ಆಕ್ಸಲ್ ಬದಿಯ ಹಿಂದಿನ ತುದಿಗಿಂತ ಕೆಳಕ್ಕಿಳಿದಿದೆ. ಆಕ್ಸಿಲರೇಟರ್ ಒತ್ತಿದಾಗ ಈ ಆರ್ಮ್‌ಗಳು ಕಾರಿನ ದೇಹವನ್ನು ಮುಂದಕ್ಕೂ ತುಸು ಮೇಲಕ್ಕೂ ತಳ್ಳಿದರೆ ಮಾತ್ರ, ಅದರ ಪ್ರತಿಬಲವು ಟೈರುಗಳನ್ನು ತಕ್ಷಣ ರಸ್ತೆಗೆ ಒತ್ತುತ್ತದೆ. ಅದಕ್ಕೆ ಆರ್ಮ್‌ನ ಮುಂದಿನ ತುದಿ ಮೇಲಿರಬೇಕು; ನನ್ನ ಕಾರಿನಂತೆ ಈ ಇಳಿಜಾರು ತಿರುಗುಮುರುಗಾದರೆ ಹಿಂಬದಿ ಕುಸಿಯುತ್ತದೆ, ಚಕ್ರಗಳು ಕುಪ್ಪಳಿಸುತ್ತವೆ.

ಹಾಗಾಗಿ ದುಬಾರಿ ಡ್ಯಾಂಪರ್‌ಗಳಿಗಿಂತ (ಶಾಕ್ ಅಬ್ಸಾರ್ಬರ್) ಮೊದಲು, ಆರ್ಮ್‌ನ ಆಕ್ಸಲ್ ಬದಿಯ ತುದಿಯನ್ನು ಕೆಳಗಿಳಿಸುವ ರಿಲೊಕೇಶನ್ ಬ್ರಾಕೆಟ್‌ಗಳನ್ನೇ ಹಾಕಿಸುವುದು ಸರಿಯೆಂದು ನನಗನ್ನಿಸುತ್ತದೆ. ಅತಿಯಾಗಿ ಇಳಿಸಿದರೂ ಕಷ್ಟವೇ. ಆಗ ಜೋರಾಗಿ ಬ್ರೇಕ್ ಹಿಡಿದಾಗ ಆಕ್ಸಲ್ ಕುಣಿಯುತ್ತದೆ. ಆರ್ಮ್‌ಗಳ ತುದಿಯಲ್ಲಿ ಕೂರುವ ರಬ್ಬರ್ ಬುಷ್‌ಗಳಲ್ಲಿ ಅಂಚಿನುದ್ದಕ್ಕೂ ಬಿರುಕು ಬಿಟ್ಟಿದ್ದು, ಅವನ್ನು ಹೇಗೂ ಬದಲಿಸಬೇಕು. ಆರ್ಮ್‌ನ ಎರಡೂ ತುದಿಗೆ ರಬ್ಬರ್‌ಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕಿದರೆ ಕಾರು ತಿರುವಿನಲ್ಲಿ ವಾಲುವಾಗ ಆರ್ಮ್ ಬಿಗಿದುಕೊಳ್ಳುತ್ತದೆ. ಗೋಳಾಕಾರದ ಜಾಯಿಂಟ್ ಸಲೀಸಾಗಿ ತಿರುಗಿದರೂ ಗೇರ್‌ನ ಸದ್ದನ್ನೆಲ್ಲ ಒಳಗೆ ತರುತ್ತದೆ. ದಿನವೂ ಕೆಲಸಕ್ಕೆ ಓಡಿಸುವ ಕಾರಾದ್ದರಿಂದ, ಒಂದು ತುದಿಗೆ ಜಾಯಿಂಟ್, ಇನ್ನೊಂದಕ್ಕೆ ಪಾಲಿಯುರೆಥೇನ್ ಇರುವ ಆರ್ಮ್‌ಗಳತ್ತ ನನ್ನ ಮನಸ್ಸು ವಾಲುತ್ತಿದೆ.