‘ಮಾರ್ಕನನ್ನ ಕರ್ಕೊಂಡು ಬಾ’

ಅವತ್ತು ಮಧ್ಯಾಹ್ನ ಅಂಕಲ್ ಪಕ್ಕ ಕೂತ್ಕೊಳ್ಳೋ ಸರದಿ ನಂದು. ನಮ್ಮ ಸಭೆಲಿ, ಅಂದ್ರೆ ಚರ್ಚಲ್ಲಿ, 30 ವರ್ಷ ಹಿರಿಯರಾಗಿ ಸೇವೆ ಮಾಡಿದೋರು, ಸಂಡೇ ಸ್ಕೂಲಲ್ಲಿ ನನಗೆ ವಚನ ಬಾಯಿಪಾಠ ಮಾಡ್ಸಿದ್ದೂ ಅವ್ರೇ. ಈಗ ಕಣ್ಣು ಮಂಜು, ಸತ್ಯವೇದ (ಬೈಬಲ್) ಹಿಡ್ಕೊಳ್ಳೋಕೆ ಕೈಲಿ ಶಕ್ತಿ ಇಲ್ಲ, ಯಾರಾದ್ರೂ ಓದಿ ಹೇಳ್ಬೇಕು. "ಎರಡನೇ ತಿಮೊಥೆ, ನಾಲ್ಕನೇ ಅಧ್ಯಾಯ ಓದಮ್ಮ" ಅಂದ್ರು.

ಯೇಸುವಿನ ಅಪೊಸ್ತಲ ಪೌಲ ಸೆರೆಲಿ ಕೂತು, ಸಾವು ಹತ್ರ ಬಂತು ಅಂತ ಗೊತ್ತಿದ್ದೇ ತಿಮೊಥೆಗೆ ಬರೆದ ಪತ್ರದ ಮಾತುಗಳು. ಹೋರಾಟ ಮಾಡಿದೀನಿ, ಓಟ ಮುಗಿಸಿದೀನಿ, ನಂಬಿಕೆ ಕಾಪಾಡ್ಕೊಂಡಿದೀನಿ ಅನ್ನೋ 7ನೇ ವಚನ ಎಷ್ಟು ಸಮಾಧಿ ಆರಾಧನೆಲಿ ಕೇಳಿಲ್ಲ ನಾವು! 8ನೇ ವಚನಕ್ಕೆ ನಿಲ್ಲಿಸ್ದೆ, ಎಲ್ರೂ ಅಲ್ಲಿಗೇ ನಿಲ್ಲಿಸ್ತಾರಲ್ಲ. "ಮುಂದಕ್ಕೆ ಓದು" ಅಂದ್ರು. ದೇಮ ಬಿಟ್ಟು ಹೋದ, ಲೂಕ ಒಬ್ಬನೇ ಜೊತೇಲಿದಾನೆ, ಮಾರ್ಕನನ್ನ ಕರ್ಕೊಂಡು ಬಾ ಅವನು ಸೇವೆಗೆ ಉಪಯೋಗ ಆಗ್ತಾನೆ... ಅಷ್ಟರಲ್ಲಿ ಹೊದಿಕೆ ಮೇಲಿದ್ದ ಅವರ ಎರಡು ಬೆರಳು ಮೇಲೆದ್ವು. ಸಂಡೇ ಸ್ಕೂಲಲ್ಲಿ ನಾವು ವಚನ ತಪ್ಪು ಹೇಳಿದ್ರೆ ಹೀಗೇ ಬೆರಳೆತ್ತಿ ನಿಲ್ಲಿಸ್ತಿದ್ರು.

"ಇದೇ ಮಾರ್ಕನಿಗೋಸ್ಕರ ಪೌಲ ಜಗಳ ಆಡಿದ್ದು ಗೊತ್ತಾ?"

ಗೊತ್ತಿತ್ತು. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ. ಹಿಂದಿನ ಸೇವೆ ಪ್ರಯಾಣದಲ್ಲಿ ಪಂಫುಲ್ಯ ಸೀಮೇಲಿ ನಮ್ಮನ್ನ ಬಿಟ್ಟು ಹೋದೋನು ಇನ್ನು ಬೇಡ ಅಂತ ಪೌಲ, ಬೇಕು ಅಂತ ಅವನ ಜೊತೆ ಸೇವಕ ಬಾರ್ನಬ, ಕೊನೆಗೆ ಬಾರ್ನಬ ಮಾರ್ಕನನ್ನ ಕರ್ಕೊಂಡು ಕುಪ್ರ ದ್ವೀಪಕ್ಕೆ ಹೋದ, ಪೌಲ ಸೀಲನ ಜೊತೆ ಬೇರೆ ದಾರಿ ಹಿಡಿದ. ಆದ್ರೆ ಈ ಎರಡು ಜಾಗನ ಒಟ್ಟಿಗೆ ಇಟ್ಟು ನಾನು ಯಾವತ್ತೂ ಓದಿರ್ಲಿಲ್ಲ. ಓಟ ಮುಗಿಸಿದೀನಿ ಅಂದೋನ ಕಾಲ ಹತ್ರಾನೇ ಅಲ್ವಾ, ಯೇಸುವನ್ನ ನಂಬಿದ್ದ ಸ್ತೆಫನನ್ನ ಕಲ್ಲೆಸೆದು ಕೊಂದೋರು ಬಟ್ಟೆ ಬಿಚ್ಚಿಟ್ಟಿದ್ದು. ತಾನು ನಂಬೋದಕ್ಕೆ ಮುಂಚೆ ಆ ಕೊಲೆಗೆ ಒಪ್ಪಿದ್ದನ್ನ ಪೌಲ ಎಲ್ಲೂ ಬಚ್ಚಿಡ್ಲಿಲ್ಲ, ಪಾಪಿಗಳಲ್ಲಿ ನಾನೇ ಮುಖ್ಯನು ಅಂತ ತಾನೇ ಬರ್ಕೊಂಡ. ಕಳಂಕ ಇಲ್ದೆ ಬದುಕಿದೋರಿಗೆ ಮಾತ್ರ ಕೊನೇಲಿ ಸಮಾಧಾನ ಅಂತ ನಾನು ಅಂದ್ಕೊಂಡಿದ್ದೆ, ಹಂಗಿದ್ರೆ ಪೌಲನಿಗೂ ಸಿಗ್ತಿರ್ಲಿಲ್ಲ.

"ನಂಗೂ ಒಬ್ರಿದಾರಮ್ಮ, ಫೋನ್ ಹಚ್ಚು" ಅಂದ್ರು.

ಯಾರು ಅಂತ ಕೇಳ್ಲಿಲ್ಲ. 12 ವರ್ಷದ ಹಿಂದೆ ಸಭೆಯ ಲೆಕ್ಕ ನೋಡ್ಕೊಳ್ತಿದ್ದೋರನ್ನ ಮೀಟಿಂಗಲ್ಲಿ ಎಲ್ರ ಮುಂದೆ ನಿಲ್ಲಿಸಿ, ದುಡ್ಡೆಲ್ಲಿ ಅಂತ ಕೇಳಿದ್ರು ಅಂಕಲ್. ಲೆಕ್ಕ ಆಮೇಲೆ ಸರಿಯಾಗೇ ಸಿಕ್ತು. ಅಷ್ಟು ಹೊತ್ತಿಗೆ ಅವ್ರು ಹೆಂಡತಿ ಮಕ್ಕಳನ್ನ ಕರ್ಕೊಂಡು ಸಭೆ ಬಿಟ್ಟಾಗಿತ್ತು.

ಸ್ಪೀಕರ್ ಹಾಕಿ ಫೋನ್ ದಿಂಬಿನ ಮೇಲೆ ಇಟ್ಟೆ. ಅಂಕಲ್ "ನಾನು" ಅಂದ್ರು ಅಷ್ಟೇ. ಆ ಕಡೆ ಏನೂ ಇಲ್ಲ, ಉಸಿರು ಮಾತ್ರ ಕೇಳ್ತಿತ್ತು. ಕಟ್ ಮಾಡ್ತಾರೇನೋ ಅಂತ ನಾನು ಕರ್ತನೇ ಕರ್ತನೇ ಅಂತಿದೀನಿ ಮನಸ್ಸಲ್ಲೇ. ಆಮೇಲೆ ಅವ್ರು ಕೇಳಿದ್ದು, "ಅಣ್ಣಾ, ಊಟ ಆಯ್ತಾ?"

ಅಂಕಲ್ ಅತ್ತುಬಿಟ್ರು. "ನಂದೇ ತಪ್ಪು, ಎಲ್ರ ಮುಂದೆ ಅಂದೆ, ಎಲ್ರ ಮುಂದೆ ಕ್ಷಮೆ ಕೇಳ್ಬೇಕಿತ್ತು, ಈಗ ಎದ್ದು ಬರೋಕೆ ಆಗಲ್ಲ" ಅಂತ ಬಿಡಿಸಿ ಬಿಡಿಸಿ ಹೇಳಿದ್ರು. ಅವ್ರು ನಾಳೇನೇ ಬರ್ತೀನಿ ಅಂದ್ರು, ಬಂದ್ರು ಕೂಡ. ಮಂಚದ ಅಂಚಿಗೆ ಕೂತು ಇಬ್ರೂ ಒಟ್ಟಿಗೆ ಪ್ರಾರ್ಥನೆ ಮಾಡಿದ್ರು. ಅದಾಗಿ 9 ದಿನಕ್ಕೆ ಅಂಕಲ್ ಕರ್ತನಲ್ಲಿ ನಿದ್ರೆ ಹೋದ್ರು, ಅವರ ಪೆಟ್ಟಿಗೆ ಹೊತ್ತೋರಲ್ಲಿ ಅವ್ರೂ ಒಬ್ರು.

ಆದ್ರೆ ಆ ಮಧ್ಯಾಹ್ನಾನೇ ನಾನು ಹೇಳ್ಬೇಕಾದ್ದು ಇನ್ನೊಂದಿತ್ತು. ಆ ಮೀಟಿಂಗಲ್ಲಿ ಮಿನಿಟ್ಸ್ ಬರೀತಿದ್ದೋಳು ನಾನು. ರಸೀದಿ ಫೈಲ್ ಬೀರುಲಿ ಇದೆ ಅಂತ ನಂಗೆ ಗೊತ್ತಿತ್ತು, ದೊಡ್ಡೋರು ಮಾತಾಡುವಾಗ ನಂಗ್ಯಾಕೆ ಅಂತ ತಲೆ ತಗ್ಗಿಸಿ ಬರೀತಾ ಕೂತೆ.

ಅಂಕಲ್‌ಗೆ ನಿದ್ದೆ ಹತ್ತಿದ್ಮೇಲೆ ಹೊರಗೆ ಬಂದು ಅದೇ ನಂಬರಿಗೆ ಮತ್ತೆ ಫೋನ್ ಮಾಡ್ದೆ. ಗಾಬರಿಯಾಗಿ "ಏನಾಯ್ತು ಅಣ್ಣಂಗೆ?" ಅಂದ್ರು.

"ಅವ್ರು ಮಲಗಿದಾರೆ, ಏನೂ ಆಗಿಲ್ಲ. ಇದು ನನ್ನ ವಿಷಯ" ಅಂದೆ.